ತಟ್ಟು ಕೊಳ್ಳುವ ಮುಂಚೆ ತಕ್ಕಡಿ ಹತ್ತಿ

ಪುಣೆಯ ನಮ್ಮ ಕನ್ನಡದವರ ಒಂದು ಊಟದ ಪಂಕ್ತಿ. ಪಕ್ಕದಲ್ಲಿ ಕೂತ ಧಾರವಾಡದ ಕಾಕಾ ಹೋಳಿಗೆ ಮುರಿಯುತ್ತಾ ಕೇಳಿದರು. "ಅಲ್ಲವಾ ತಂಗಿ, ಕುದುರಿ ಅಂದ್ರ ಒಂದು ಮಾತು. ತಟ್ಟು ಯಾಕ ಹತ್ತತಿ? ಕಾಲು ನೆಲಕ್ಕ ತಾಗಂಗಿಲ್ಲೇನು?"

ತಾಗುವುದಿಲ್ಲ. ನಾನು ಅಳೆದು ನೋಡಿದ್ದೇನೆ. ಆದರೆ ಅವರ ಪ್ರಶ್ನೆ ತಪ್ಪಲ್ಲ. ದೊಡ್ಡವರಿಗೆ ದೊಡ್ಡ ಕುದುರೆ, ಮಕ್ಕಳಿಗೆ ತಟ್ಟು, ಅಂದರೆ ಗಿಡ್ಡ ಕುದುರೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಲೆಯಲ್ಲೂ ಕೂತಿತ್ತು. 46ನೇ ವಯಸ್ಸಿನಲ್ಲಿ, ರೇಸ್‌ನಿಂದ ನಿವೃತ್ತಿಯಾದ ಎತ್ತರದ ಕುದುರೆಯೊಂದರ ಮೇಲಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡೆ. ಆಗ ಆ ನಂಬಿಕೆಯೂ ಜೊತೆಗೇ ಮುರಿಯಿತು. ಈಗ ನನ್ನ ಹತ್ತಿರ ಅರ್ಧ ತಟ್ಟು ಇದೆ. ಅರ್ಧ ಯಾಕೆ ಅಂತ ಮುಂದೆ ಹೇಳುತ್ತೇನೆ. ಅದರ ಹೆಸರು ಶೇಂಗಾ. ಬಣ್ಣ ನೋಡಿ ಇಟ್ಟ ಹೆಸರು.

ದೊಡ್ಡವರು ತಟ್ಟು ಹತ್ತುವುದು ಬೇರೆ ಕಡೆ ಹೊಸದೇನಲ್ಲ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಕೊನೆಯ ವರ್ಷಗಳಲ್ಲಿ ಸವಾರಿ ಮಾಡುತ್ತಿದ್ದುದು ಫೆಲ್ ಎಂಬ ತಳಿಯ ಗಿಡ್ಡ ಕುದುರೆಯ ಮೇಲೆ. 2020ರಲ್ಲಿ, ಅವರಿಗೆ 94 ಆಗಿದ್ದಾಗಿನ ಅಂಥ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಐಸ್‌ಲ್ಯಾಂಡ್‌ನಲ್ಲಿ ಊರಿಗೆ ಊರೇ ಗಿಡ್ಡ ಕುದುರೆ ಹತ್ತುತ್ತದೆ. ಅದನ್ನು ತಟ್ಟು ಅಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ.

ನಿಮಗೂ ಮನಸ್ಸಿದ್ದರೆ ಹೇಗೆ ಹೊರಡಬೇಕು ಅಂತ ನೋಡೋಣ. ನಾನು ತಪ್ಪು ಮಾಡಿ ಕಲಿತ ಕ್ರಮದಲ್ಲಿ ಅಲ್ಲ, ಸರಿಯಾದ ಕ್ರಮದಲ್ಲಿ.

ಯಾವುದಕ್ಕೆ ತಟ್ಟು ಅನ್ನುವುದು

ಕುದುರೆಯ ಎತ್ತರವನ್ನು ತಲೆಯಿಂದ ಅಳೆಯುವುದಿಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇರುತ್ತದಲ್ಲ, ಅಲ್ಲಿಂದ ನೆಲದವರೆಗೆ ಅಳೆಯುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಲಾಳ ಇಲ್ಲದೆ 148 ಸೆಂಟಿಮೀಟರ್ ದಾಟದಿದ್ದರೆ ಅದು ಪೋನಿ, ಅಂದರೆ ತಟ್ಟು. ಕ್ಲಬ್‌ಗಳಲ್ಲಿ ಇದನ್ನೇ "14.2 ಹ್ಯಾಂಡ್" ಅನ್ನುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಚುಕ್ಕೆಯ ನಂತರದ 2 ದಶಮಾಂಶ ಅಲ್ಲ, ಎರಡು ಇಂಚು. ಒಟ್ಟು 58 ಇಂಚು. ಸಂತೆಯ ವ್ಯಾಪಾರಿಗಳಿಗೆ ಈ ರಗಳೆ ಬೇಡ. ಅವರು ನೇರ ಇಂಚಿನಲ್ಲೇ ಹೇಳುತ್ತಾರೆ.

ಪೋಲೋ ಆಡುವ ಕುದುರೆಗೂ ಪೋನಿ ಅನ್ನುತ್ತಾರೆ, ಅದನ್ನು ಕೇಳಿ ಮೋಸ ಹೋಗಬೇಡಿ. ಹಿಂದೆ ಆ ಆಟದಲ್ಲಿ ಎತ್ತರದ ಮಿತಿ ಇತ್ತು. ಮೊದಲ ಮಹಾಯುದ್ಧದ ನಂತರ ಅದನ್ನು ತೆಗೆದುಹಾಕಿದರು. ಹೆಸರು ಮಾತ್ರ ಉಳಿದುಕೊಂಡಿತು.

ನಮ್ಮ ಭಾಗಕ್ಕೆ ಸೇರಿದ ತಳಿ ಭೀಮಥಡಿ. ಭೀಮಾ ನದಿಯ ದಂಡೆಯದು ಅಂತ ಹೆಸರಲ್ಲೇ ಇದೆ. ಪುಣೆ, ಸೋಲಾಪುರ, ಸಾತಾರಾ, ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಗಳಲ್ಲಿ ಧನಗರರು ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಪಾತ್ರೆ, ಕಂಬಳಿ, ಕೋಳಿ, ಕುರಿಮರಿ ಎಲ್ಲ ಇದರ ಬೆನ್ನ ಮೇಲೆ ಹೋಗುತ್ತವೆ. ಒಂದು ಕಾಲದಲ್ಲಿ ಮರಾಠರ ದಂಡಿನಲ್ಲಿ ಓಡಿದ ಕುದುರೆ ಇದು. ಸರ್ಕಾರಿ ದಾಖಲೆಯಲ್ಲಿ ಇದನ್ನು ಪ್ರತ್ಯೇಕ ತಳಿ ಅಂತ ಬರೆದುಕೊಂಡದ್ದು 2023-24ರಲ್ಲಿ. ಅಷ್ಟು ತಡವಾಗಿ! ಗಿಡ್ಡ, ಗಟ್ಟಿ, ಗೊರಸು ಕಲ್ಲಿನಂಥದ್ದು. ಆದರೆ ಎಲ್ಲರಿಗೂ ಹೊಂದುವುದಿಲ್ಲ. ಅದಕ್ಕೇ ಮುಂದಿನ ಮಾತು.

ಮೊದಲು ನಿಮ್ಮ ತೂಕ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದೆಲ್ಲ ದಾರಿಗೆ ಬರುತ್ತದೆ. ನಮ್ಮ ಜನ ನೋಡುವುದು ಎತ್ತರ. ಆರು ಅಡಿ ಇದ್ದೀನಿ, ತಟ್ಟು ಹತ್ತಲಾ ಅಂತ ಕೇಳುತ್ತಾರೆ. ಆರು ಅಡಿ ಇರಿ, ತೊಂದರೆ ಇಲ್ಲ. ಕಾಲು ಸ್ವಲ್ಪ ಜೋತಾಡುತ್ತದೆ ಅಷ್ಟೇ. ತಟ್ಟುವಿಗೆ ಬೇಕಾದ ಲೆಕ್ಕ ಕಿಲೋದ್ದು.

ಎಲ್ಲ ಕಡೆ ನಡೆಯುವ ಲೆಕ್ಕ ಹೀಗಿದೆ. ಕುದುರೆ ತನ್ನ ತೂಕದ 20% ಹೊರಬಹುದು. ಆ 20ರಲ್ಲಿ ನೀವು, ಜೀನು, ಬೂಟು, ಹೆಲ್ಮೆಟ್, ನೀರಿನ ಬಾಟಲಿ ಎಲ್ಲ ಸೇರಬೇಕು. 2008ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯವರು 8 ಕುದುರೆಗಳ ಮೇಲೆ 15, 20, 25, 30% ಭಾರ ಹೊರಿಸಿ ನೋಡಿದರು. 25 ಮತ್ತು 30ಕ್ಕೆ ಹೋದಾಗ ಎದೆಬಡಿತ ಏರಿತು, ಸ್ನಾಯುಗಳು ಬಿಗಿದು ನೋವು ಹೆಚ್ಚಿತು. ಐಸ್‌ಲ್ಯಾಂಡ್ ಕುದುರೆ ಇದಕ್ಕಿಂತ ಜಾಸ್ತಿ ಹೊರುತ್ತದೆ ಅಂತ ಯಾರಾದರೂ ವಾದಿಸಬಹುದು. ನಿಜ. ಅದು ಅಲ್ಲಿಯ ಚಳಿ, ಆ ಕುದುರೆಯ ಮೈಕಟ್ಟು. ಮೇ ತಿಂಗಳ ಪುಣೆಯ ಬಿಸಿಲಲ್ಲಿ ಆ ಲೆಕ್ಕ ತರಬೇಡಿ.

ಕುದುರೆಯ ತೂಕ ಗೊತ್ತಾಗುವುದು ಹೇಗೆ? ದರ್ಜಿಯ ಟೇಪು ಸಾಕು, ಉದ್ದದ್ದು ತನ್ನಿ. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಕುದುರೆ ಉಸಿರು ಬಿಟ್ಟ ಮೇಲೆ ಓದಿ. ಆಮೇಲೆ ಎದೆಯ ಮುಂದೆ ಚಾಚಿದ ಹೆಗಲ ಮೂಳೆಯಿಂದ ಹಿಂದೆ ಪಿರ್ರೆಯ ತುದಿವರೆಗೆ ಉದ್ದ ಅಳೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿ. ಹೆಚ್ಚುಕಡಿಮೆ ಕಿಲೋ ಸಿಗುತ್ತದೆ. ಗಬ್ಬದ ಕುದುರೆಗೆ ಈ ಲೆಕ್ಕ ನಡೆಯುವುದಿಲ್ಲ.

ಒಂದು ಉದಾಹರಣೆ ನೋಡಿ. ಸುತ್ತಳತೆ 150, ಉದ್ದ 135 ಇರುವ ಸಣ್ಣ ತಟ್ಟು. ತೂಕ ಸುಮಾರು 255 ಕಿಲೋ. ಅದರ 20% ಅಂದರೆ 51. ಇದರ ಮೇಲೆ 75 ಕಿಲೋದ ಗಂಡಸು ಜೀನು ಬೂಟು ಸಮೇತ ಹತ್ತಿದರೆ 86 ಆಯಿತು. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಗುಡ್ಡದ ಊರುಗಳಲ್ಲಿ ಇಂಥ ಸವಾರಿ ದಿನಾ ಕಾಣುತ್ತದೆ, ನಾನೂ ಚಿಕ್ಕವಳಿದ್ದಾಗ ನೋಡಿ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಶೇಂಗಾಳ ಸುತ್ತಳತೆ 170, ಉದ್ದ 148. ಲೆಕ್ಕ ಹಾಕಿದರೆ 360 ಕಿಲೋ. 20% ಅಂದರೆ 72. ನಾನು 61, ಜೀನು 8, ಬೂಟು-ಹೆಲ್ಮೆಟ್-ಬಟ್ಟೆ 3. ಒಟ್ಟು 72. ದೀಪಾವಳಿ ಮುಗಿದ ಮೇಲೆ ಎರಡು ವಾರ ನಾನು ಹತ್ತುವುದಿಲ್ಲ, ಲಗಾಮು ಹಿಡಿದು ಪಕ್ಕದಲ್ಲಿ ನಡೆಯುತ್ತೇನೆ.

ನಿಮ್ಮ ತೂಕ 70 ದಾಟಿದ್ದರೆ ಜೀನು ಸೇರಿ 80 ದಾಟುತ್ತದೆ, ಅಂದರೆ 400 ಕಿಲೋಗಿಂತ ಭಾರದ ಕುದುರೆ ಬೇಕು. ಆ ತೂಕದ ತಟ್ಟು ಇಲ್ಲಿ ಸಿಗುವುದು ಕಷ್ಟ. ಬೇಜಾರಾಗಬೇಡಿ. ಗಟ್ಟಿ ಮೈಕಟ್ಟಿನ, 15 ಹ್ಯಾಂಡ್ ಹತ್ತಿರದ ಕಾಠಿಯಾವಾಡಿ ಅಥವಾ ಮಿಶ್ರ ತಳಿ ನೋಡಿ. ಇಲ್ಲವೇ ಸವಾರಿ ಬಿಟ್ಟು ಹಗುರ ಗಾಡಿ ಹೂಡಿ. ಬೆನ್ನ ಮೇಲೆ ಹೊರುವುದಕ್ಕಿಂತ ಚಕ್ರದ ಮೇಲೆ ಎಳೆಯುವುದು ಪ್ರಾಣಿಗೆ ಎಷ್ಟೋ ಸುಲಭ.

ಒಂದು ವರ್ಷ ಬೇರೆಯವರ ತಟ್ಟು

ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಇದೆ. ಕುದುರೆ ಕಂಡ ಕೂಡಲೇ ಕೊಳ್ಳಬೇಕು ಅನ್ನುವವರಿಗೆ ನೋವು ಕಾಲಲ್ಲಿ ನಿಲ್ಲುವುದಿಲ್ಲ, ಕಿಸೆಗೂ ಬರುತ್ತದೆ. ಮೊದಲ ವರ್ಷ ಕೊಳ್ಳಬೇಡಿ.

ಪುಣೆ, ಮುಂಬೈ ಸುತ್ತ ರೈಡಿಂಗ್ ಕಲಿಸುವ ಜಾಗಗಳು ಬೇಕಾದಷ್ಟಿವೆ. ಅಲ್ಲಿ ಮಕ್ಕಳ ತಟ್ಟುಗಳು ಶನಿವಾರ-ಭಾನುವಾರ ಮಾತ್ರ ದುಡಿಯುತ್ತವೆ. ವಾರದ ನಡುವೆ ಖಾಲಿ. ನಿಮ್ಮ ತೂಕ ಹೊಂದುವಂಥದ್ದು ಇದೆಯಾ ಅಂತ ಕೇಳಿ, ತಿಂಗಳ ಲೆಕ್ಕದಲ್ಲಿ ಹಿಡಿಯಿರಿ. ಮೊದಲ ತಿಂಗಳು ಉದ್ದನೆಯ ಹಗ್ಗ ಕಟ್ಟಿ ವೃತ್ತದಲ್ಲಿ ಓಡಿಸುತ್ತಾರೆ. ಅವಮಾನ ಅನ್ನಿಸುತ್ತದೆ. ಸಹಿಸಿಕೊಳ್ಳಿ.

ತಟ್ಟುವಿನ ಹೆಜ್ಜೆ ಚಿಕ್ಕದು, ಬೇಗ ಬೇಗ ಬೀಳುತ್ತದೆ. ದುಡುಕಿ ಓಟದಲ್ಲಿ, ಅಂದರೆ ಟ್ರಾಟ್ ಅನ್ನುವ ಕುಲುಕು ಓಟದಲ್ಲಿ, ಹೊಲಿಗೆ ಮಿಷಿನ್ ಮೇಲೆ ಕೂತ ಹಾಗೆ. ಸೊಂಟ ನೋವಿದ್ದವರು ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಇನ್ನೊಂದು, ತಟ್ಟು ಅಂದರೆ ಸಾಧು ಅಂದುಕೊಳ್ಳಬೇಡಿ. ರೇಸ್ ಕುದುರೆ ಹೆದರಿ ಓಡುತ್ತದೆ, ತಟ್ಟು ಯೋಚನೆ ಮಾಡಿ ಓಡುತ್ತದೆ. ಹುಲ್ಲು ಕಂಡರೆ ತಲೆ ತಗ್ಗಿಸಿ ನಿಮ್ಮನ್ನು ಕತ್ತಿನ ಮೇಲಿಂದ ಜಾರಿಸುವ ವಿದ್ಯೆ ಶೇಂಗಾಳಿಗೆ ಹುಟ್ಟಿನಿಂದಲೇ ಗೊತ್ತು. ಬಿದ್ದರೆ ನೆಲ ಹತ್ತಿರ ಅನ್ನುವುದೇ ಸಮಾಧಾನ.

ಹೆಲ್ಮೆಟ್ ಕುದುರೆ ಸವಾರಿಯದ್ದೇ ಇರಲಿ, ಬೈಕಿನದ್ದು ಬೇಡ. ಬೂಟಿಗೆ ಸಣ್ಣ ಹಿಮ್ಮಡಿ ಇರಬೇಕು, ಇಲ್ಲದಿದ್ದರೆ ಪಾದ, ಕಾಲಿಡುವ ರಿಕಾಪಿನಲ್ಲಿ ತೂರಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಧನುರ್ವಾಯು ಇಂಜೆಕ್ಷನ್ ಮರೆಯಬೇಡಿ.

ಎಲ್ಲಿ ಇಡುತ್ತೀರಿ

ಪುಣೆಯ ಕೊಥ್ರೂಡಿನ ಫ್ಲ್ಯಾಟಿನ ಪಾರ್ಕಿಂಗ್‌ನಲ್ಲಿ ಆಗುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆದರೂ ಒಬ್ಬರು ಕೇಳಿದ್ದರು. ದಾರಿ ಎರಡು. ಒಂದು, ರೈಡಿಂಗ್ ಶಾಲೆಯ ಲಾಯದಲ್ಲಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ಇಡುವುದು. ಇನ್ನೊಂದು, ಊರಾಚೆ ತೋಟ ಇರುವವರ ಹತ್ತಿರ ಜಾಗ ಹಿಡಿದು, ಕುದುರೆ ನೋಡಿಕೊಳ್ಳುವ ಸಾಯಿಸ್ ಒಬ್ಬರನ್ನು ಇಟ್ಟುಕೊಳ್ಳುವುದು. ಎರಡನೆಯದು ಅಗ್ಗ ಅನ್ನಿಸುತ್ತದೆ. ಸಾಯಿಸ್ ಊರಿಗೆ ಹೋದ ವಾರ ಅಗ್ಗ ಅನ್ನಿಸುವುದಿಲ್ಲ.

ಜಾಗ ನೋಡುವಾಗ ಗೋಡೆ, ಬಣ್ಣ ನೋಡಬೇಡಿ. ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿ ಬಿಡುತ್ತಾರೆ, ಜೊತೆಗೆ ಇನ್ನೊಂದು ಕುದುರೆ ಇದೆಯಾ, ರಾತ್ರಿ ಹೊಟ್ಟೆನೋವು ಬಂದರೆ ಯಾವ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ, ಈ ಮೂರು ಕೇಳಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಬೆಳಗಾಗುವವರೆಗೆ ಕಾಯುವ ಹಾಗಿಲ್ಲ.

ಸಂತೆಗೆ ಹೋಗುವಾಗ

ಮಹಾರಾಷ್ಟ್ರದಲ್ಲಿ ಕುದುರೆ ಸಂತೆ ಅಂದರೆ ಮೊದಲು ಬರುವ ಹೆಸರು ನಂದುರಬಾರ ಜಿಲ್ಲೆಯ ಸಾರಂಗಖೇಡಾ. ತಾಪಿ ದಂಡೆಯಲ್ಲಿ, ದತ್ತ ಜಯಂತಿಯ ಹೊತ್ತಿಗೆ ನಡೆಯುತ್ತದೆ. ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬನ ಜಾತ್ರೆಯಲ್ಲೂ ದೊಡ್ಡ ವ್ಯಾಪಾರ. ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ ಅಲ್ವಾ, ಕುದುರೆ ಏರಿದ ದೇವರು. ಆದರೆ ಈ ಸಂತೆಗಳ ಮೆರುಗೆಲ್ಲ ಎತ್ತರದ ಮಾರವಾಡಿ ಕುದುರೆಗಳದ್ದು. ಮೊದಲ ಸಲ ನೋಡಲು ಹೋಗಿ, ಕೊಳ್ಳಲು ಬೇಡ. ನಾವು ಶೇಂಗಾಳನ್ನು ತಂದದ್ದು ಬಾರಾಮತಿ ಕಡೆಯ ಒಂದು ಮನೆಯಿಂದ. ಅವಳ ತಳಿ ಏನು ಅಂತ ಕೇಳಿದರೆ ಮಾರಿದವರೇ ನಕ್ಕುಬಿಟ್ಟರು.

ವಯಸ್ಸಿಗೆ ಬಾಯಿ ನೋಡಿ. 5 ವರ್ಷಕ್ಕೆ ಮುಂದಿನ ಹಾಲುಹಲ್ಲೆಲ್ಲ ಬಿದ್ದು ಕಾಯಂ ಹಲ್ಲು ಬಂದಿರುತ್ತವೆ. ಮೇಲಿನ ಸಾಲಿನ ಮೂಲೆಯ ಹಲ್ಲಿನಲ್ಲಿ ಸುಮಾರು 10ಕ್ಕೆ ಒಂದು ಗೀರು ಕಾಣಿಸಿಕೊಳ್ಳುತ್ತದೆ. 15ಕ್ಕೆ ಅರ್ಧ ಹಲ್ಲಿನವರೆಗೆ, 20ಕ್ಕೆ ಪೂರ್ತಿ ಇಳಿದಿರುತ್ತದೆ. ಮೊದಲ ತಟ್ಟು 8ರಿಂದ 14 ವರ್ಷದ್ದಿರಲಿ. ಹೆಣ್ಣು ಅಥವಾ ಬೀಜ ಒಡೆಸಿದ ಗಂಡು. ಇಡಿಯಾದ ಗಂಡು ಕುದುರೆ ನಮ್ಮಂಥವರಿಗಲ್ಲ. ಪುಕ್ಕಟೆ ಬಂದ ಆಕಳ ಹಲ್ಲು ಎಣಿಸಬಾರದು ಅಂತಾರೆ. ಕುದುರೆ ಪುಕ್ಕಟೆ ಬಂದರೆ ಎರಡು ಸಲ ಎಣಿಸಿ.

ಹೇಳದೆ ಹೋಗಿ. ನೀವು ಹೋಗುವ ಮೊದಲೇ ಅದು ಬೆವರಿದ್ದರೆ, ಸುಸ್ತು ಮಾಡಿಸಿ ಸಾಧು ಮಾಡಿದ್ದಾರೆ ಅಂತ ಅರ್ಥ ಇರಬಹುದು. ಕಟ್ಟಿದ್ದನ್ನು ಬಿಚ್ಚಿ, ಬಯಲಲ್ಲಿ ಬಿಟ್ಟು, ಮತ್ತೆ ಹಿಡಿಯಲು ಹೇಳಿ. ಗಟ್ಟಿ ನೆಲದ ಮೇಲೆ ನೇರ ಓಡಿಸಲು ಹೇಳಿ. ಪ್ರತಿ ಹೆಜ್ಜೆಗೂ ತಲೆ ಮೇಲೆ-ಕೆಳಗೆ ಆಡುತ್ತಿದ್ದರೆ ಮುಂಗಾಲಲ್ಲಿ ನೋವಿದೆ. ಮೊದಲು ಮಾರುವವರೇ ಹತ್ತಿ ತೋರಿಸಲಿ. ಅವರು ಹತ್ತಲ್ಲ ಅಂದರೆ ನೀವು ಮನೆಗೆ ಬನ್ನಿ.

ದುಡ್ಡು ಕೊಡುವ ಮುಂಚೆ ನಿಮ್ಮ ಡಾಕ್ಟರನ್ನು ಕರೆದುಕೊಂಡು ಹೋಗಿ, ಮಾರುವವರ ಡಾಕ್ಟರನ್ನಲ್ಲ. ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗಿರಲೇಬೇಕು. ಇದು ಮನುಷ್ಯರಿಗೂ ಹರಡುತ್ತದೆ. ಇದಕ್ಕೆ ಲಸಿಕೆ ಇಲ್ಲ, ರೋಗ ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಬೇಕು. ಇದರಲ್ಲಿ ಮುಲಾಜು ಬೇಡ. ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಜಿಲ್ಲೆಯಿಂದ ಜಿಲ್ಲೆಗೆ ಗಾಡಿ ಹತ್ತಿಸಬೇಡಿ.

ಗಿಡ್ಡ ಬೆನ್ನಿಗೆ ದೊಡ್ಡವರ ಜೀನು

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಕೂರುವ ಜಾಗಕ್ಕೆ ಸರಿಯಾದ ಜೀನು ತಟ್ಟುವಿನ ಬೆನ್ನಿಗೆ ಉದ್ದ ಆಗುತ್ತದೆ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಅದು ಬೆನ್ನಿಗೆ ಸೇರುವ ಜಾಗ ಗುರುತು ಮಾಡಿಕೊಳ್ಳಿ. ಜೀನು ಅದನ್ನು ದಾಟಿ ಹಿಂದೆ ಹೋಗಬಾರದು. ಅದರ ಹಿಂದೆ ಆಸರೆಯ ಎಲುಬಿಲ್ಲ, ಸೊಂಟದ ಮೇಲೆ ಕೂತ ಹಾಗೆ. ಹಾಗಾಗಿ ಕೆಲವೊಮ್ಮೆ ತೂಕ ಹೊಂದಿದರೂ ಜೀನು ಹೊಂದದೆ ಆ ತಟ್ಟು ಬಿಡಬೇಕಾಗುತ್ತದೆ.

ಇನ್ನೊಂದು ಕಾಟ, ತಟ್ಟುವಿನ ಮೈ ಪೀಪಾಯಿ ಹಾಗೆ ಗುಂಡಗೆ. ಇಳಿಜಾರಿನಲ್ಲಿ ಜೀನು ಕತ್ತಿನ ಕಡೆ ಜಾರುತ್ತದೆ. ಸಿಂಹಗಡದ ಕಡೆಯ ಒಂದು ಇಳಿಜಾರಿನಲ್ಲಿ ನಾನು ಜೀನು ಸಮೇತ ಶೇಂಗಾಳ ಕಿವಿಯ ಹತ್ತಿರ ಬಂದು ಕೂತಿದ್ದೆ. ಬಾಲದ ಬುಡಕ್ಕೆ ಸುತ್ತಿ ಜೀನನ್ನು ಹಿಡಿದಿಡುವ ಪಟ್ಟಿ ಸಿಗುತ್ತದೆ, ದುಮಚಿ ಅಂತ ಕೇಳಿ.

ಮೇವು ಕಡಿಮೆ, ಎಚ್ಚರ ಜಾಸ್ತಿ

ತಟ್ಟು ಸಾಕುವವರು ಅದನ್ನು ಹಸಿವಿನಿಂದ ಕೆಡಿಸಿದ್ದು ಕಡಿಮೆ, ಪ್ರೀತಿಯಿಂದ ಕೆಡಿಸಿದ್ದು ಜಾಸ್ತಿ. ಒಣಗಿದ ಗುಡ್ಡದಲ್ಲಿ ಸಿಕ್ಕಿದ್ದು ತಿಂದು ಬದುಕಿದ ಜಾತಿ ಇದು. ರೇಸ್ ಕುದುರೆಯ ಹಾಗೆ ಡಬ್ಬಿಗಟ್ಟಲೆ ಕಾಳು ಹಾಕಿದರೆ ಮೈಗೆ ಹತ್ತಿ ಗೊರಸಿಗೆ ಇಳಿಯುತ್ತದೆ. ಗೊರಸಿನೊಳಗೆ ಬಾವು ಬರುತ್ತದೆ, ಲ್ಯಾಮಿನೈಟಿಸ್ ಅಂತಾರೆ. ಗೊರಸು ಬಿಸಿ, ಮುಂಗಾಲು ಮುಂದೆ ಚಾಚಿ ಭಾರವನ್ನೆಲ್ಲ ಹಿಂದೆ ಹಾಕಿ ನಿಲ್ಲುವುದು, ತಿರುಗಲು ಹಿಂಜರಿಯುವುದು, ಇವು ಅದರ ಲಕ್ಷಣ. ಕಂಡ ದಿನವೇ ಡಾಕ್ಟರನ್ನು ಕರೆಯಿರಿ. ಬಿಟ್ಟರೆ ಗೊರಸಿನೊಳಗಿನ ಮೂಳೆಯೇ ತಿರುಗಿಬಿಡುತ್ತದೆ.

ಒಣ ಮೇವಿನ ಲೆಕ್ಕದಲ್ಲಿ ದಿನಕ್ಕೆ ಮೈತೂಕದ 1.5ರಿಂದ 2% ಸಾಕು. ಶೇಂಗಾಳಿಗೆ ಐದೂವರೆಯಿಂದ ಏಳು ಕಿಲೋ. ಅದರಲ್ಲಿ ಬಹುಪಾಲು ಒಣ ಹುಲ್ಲು. ದಿನಕ್ಕೆ ನಾಲ್ಕೈದು ಸಲ ಹಂಚಿ ಹಾಕಿ, ಯಾಕೆಂದರೆ ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ನಮ್ಮ ಕಡೆ ಕುದುರೆ ಮಸಾಲೆ ಅನ್ನುವ ಸೊಪ್ಪು ಇಲ್ಲಿ ಲಸೂಣಘಾಸ್ ಅಂತ ಸಿಗುತ್ತದೆ. ಹೆಸರಲ್ಲೇ ಕುದುರೆ ಇದೆ ಅಂತ ಕಟ್ಟುಗಟ್ಟಲೆ ಹಾಕಬೇಡಿ, ತಟ್ಟುವಿಗೆ ಅದು ಮಸಾಲೆಯಷ್ಟೇ ಇರಲಿ. ಜೋಳದ ಒಣ ದಂಟು ಕತ್ತರಿಸಿ ಹಾಕುವವರಿದ್ದಾರೆ, ನಡೆಯುತ್ತದೆ. ಎಳೆಯ ಹಸಿ ಜೋಳದ ಬೆಳೆಯಲ್ಲಿ ಮಾತ್ರ ಮೇಯಲು ಬಿಡಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಬೂಷ್ಟು ಬಂದ ಮೇವು ಎಮ್ಮೆಗೂ ಬೇಡ, ಇದಕ್ಕಂತೂ ಬೇಡವೇ ಬೇಡ. ಉಪ್ಪಿನ ಗಡ್ಡೆ, ಯಾವಾಗಲೂ ನೀರು.

ಮತ್ತೆ ಬೆಲ್ಲ. ನಮ್ಮ ಮನೆಗೆ ಬಂದ ಎಲ್ಲರಿಗೂ ಶೇಂಗಾಳಿಗೆ ಬೆಲ್ಲ ತಿನ್ನಿಸುವ ಆಸೆ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣ ಹಿಡಿದು ಹನ್ನೊಂದು ಜನ ಲಾಯಕ್ಕೆ ಬಂದಿದ್ದರು. ನಮ್ಮ ಸಾಯಿಸ್ ಮಾಮಾ ಎಲ್ಲರ ಕೈಯಿಂದಲೂ ಪ್ರೀತಿಯಿಂದ ತೆಗೆದುಕೊಂಡರು. "ತಾಈ, ಕಾಳಜಿ ಬೇಡ" ಅಂತ ನನಗೆ ಕಣ್ಣು ಹೊಡೆದು ತಾವೇ ತಿಂದರು.

ಮಳೆಗಾಲ ಮತ್ತು ಲಾಳ

ಪುಣೆಯ ಮಳೆ ಅಂದರೆ ನಾಲ್ಕು ತಿಂಗಳು ಒದ್ದೆ ನೆಲ. ಗೊರಸಿನ ಅಡಿ ನಡುವೆ ಮೆತ್ತಗಿನ ತ್ರಿಕೋಣ ಇದೆ, ಅದರ ಪಕ್ಕದ ಸಂದಿಯಲ್ಲಿ ಕೊಳೆ ಹಿಡಿದು ಕೆಟ್ಟ ವಾಸನೆ ಬರುತ್ತದೆ. ದಿನಾ ಎರಡು ಸಲ ಕೆರೆದು ತೆಗೆದು, ನಿಲ್ಲುವ ಜಾಗ ಒಣ ಇಟ್ಟರೆ ಅರ್ಧ ರೋಗ ಬರುವುದಿಲ್ಲ. ಮಳೆಯ ಹಿಂದೆಯೇ ಕಚ್ಚುವ ನೊಣಗಳು. ಅವುಗಳಿಂದ ಸರ್ರಾ ಅನ್ನುವ ಜ್ವರ ಬರುತ್ತದೆ. ಜ್ವರ ಬಂದು ಹೋಗಿ ಮಾಡುತ್ತಿದ್ದರೆ, ಮೈ ಇಳಿಯುತ್ತಿದ್ದರೆ, ಹೊಟ್ಟೆಯ ಕೆಳಗೆ ಬಾವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಆರಾಮಾಗಿರುವ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ.

ಲಾಳ ಎಲ್ಲ ತಟ್ಟುವಿಗೂ ಬೇಕಿಲ್ಲ. ಮಣ್ಣಿನ ದಾರಿಯಲ್ಲೇ ಓಡಾಡಿದರೆ ಬರಿಗೊರಸು ಸಾಕು. ಡಾಂಬರು ಜಾಸ್ತಿ ಇದ್ದರೆ ಹಾಕಿಸಿ. ಹೇಗೇ ಇರಲಿ, ಆರು ವಾರಕ್ಕೊಮ್ಮೆ ಲಾಳ ಹೊಡೆಯುವ ನಾಲಬಂದ್ ಬಂದು ಗೊರಸು ಕತ್ತರಿಸಿ ಸಮ ಮಾಡಬೇಕು. ಒಳ್ಳೆಯ ನಾಲಬಂದ್ ಸಿಕ್ಕರೆ ಬಿಡಬೇಡಿ, ಮನೆಯ ಮದುವೆಗೂ ಕರೆಯಿರಿ. ನಾವು ಕರೆದಿದ್ದೆವು.

ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಪ್ರತಿ ವರ್ಷ ಪಂಢರಪುರದ ಪಾದಯಾತ್ರೆಯಾದ ಆಷಾಢದ ವಾರಿಗೆ ಮುಂಚೆ ಮಾವುಲಿಯ (ಸಂತ ಜ್ಞಾನೇಶ್ವರರ) ಕುದುರೆಗಳು ಹೊರಟು ನಡೆಯುತ್ತಲೇ ಆಳಂದಿಗೆ ಬರುತ್ತವೆ, ಗೊತ್ತಲ್ವಾ. ಪಾಲಖಿಯ ಜೊತೆ ಪಂಢರಪುರಕ್ಕೆ ಹೋಗುವುದು ಅವೇ. ಅವು ಪುಣೆಗೆ ಬಂದ ದಿನ ಸಾಯಿಸ್ ಮಾಮಾ ಕೆಲಸಕ್ಕೆ ಬರುವುದಿಲ್ಲ. ಆ ಬೆಳಿಗ್ಗೆ ಗೊರಸು ಕೆರೆಯುವುದು ನನ್ನ ಪಾಲು. ಸಾಯಿಸ್ ಇಲ್ಲದ ದಿನ ನೀವೇ ಎಲ್ಲ ಮಾಡಬಲ್ಲಿರಾ ಅಂತ ಕೊಳ್ಳುವ ಮುಂಚೆ ಒಂದು ಸಲ ಪೂರ್ತಿ ಮಾಡಿ ನೋಡಿ. ಬೆಳಿಗ್ಗೆ ಐದಕ್ಕೆ ಲದ್ದಿ ಎತ್ತುವುದರಿಂದ ಹಿಡಿದು.

ಅರ್ಧ ತಟ್ಟುವಿನ ಕಾಗದ

ಇನ್ನರ್ಧ ಹುಬ್ಬಳ್ಳಿ ಮೂಲದ ಗೆಳತಿಯದು, ಅವಳ ತೂಕ 57. ವಾರಕ್ಕೆ ಮೂರು ದಿನ ಅವಳು, ಮೂರು ದಿನ ನಾನು, ಒಂದು ದಿನ ಶೇಂಗಾಳಿಗೆ ರಜೆ. ಖರ್ಚು ಸರಿಸಮ. ಗೆಳೆತನ ಎಷ್ಟೇ ಗಟ್ಟಿ ಇದ್ದರೂ ಕಾಗದದ ಮೇಲೆ ಬರೆದುಕೊಳ್ಳಿ. ರಾತ್ರಿ ಡಾಕ್ಟರನ್ನು ಕರೆಯುವ ನಿರ್ಧಾರ ಯಾರದ್ದು, ಆಪರೇಷನ್ನಿಗೆ ಎಷ್ಟರವರೆಗೆ ಖರ್ಚು, ಒಬ್ಬರು ಊರು ಬಿಟ್ಟರೆ ಪಾಲು ಯಾರಿಗೆ, ಬೇರೆಯವರನ್ನು ಹತ್ತಿಸಬಹುದಾ, ಎಲ್ಲವನ್ನೂ.

ತಟ್ಟುಗಳು 25, 30 ವರ್ಷ ಬದುಕುತ್ತವೆ. ಶೇಂಗಾಳಿಗೆ ಈಗ 11, ನನಗೆ 49. ಅವಳಿಗೆ 28 ಆದಾಗ ನನಗೆ 66. ಆಗ ಯಾರೂ ಹತ್ತುವುದಿಲ್ಲ, ಆದರೂ ಮೇವು, ನಾಲಬಂದ್, ಡಾಕ್ಟರು ಬೇಕೇ ಬೇಕು. ಅದಕ್ಕೆ ಈಗಿನಿಂದಲೇ ಪ್ರತಿ ತಿಂಗಳು ಇಬ್ಬರೂ ಬೇರೆ ಖಾತೆಗೆ ಸ್ವಲ್ಪ ಹಾಕುತ್ತೇವೆ. ನಮ್ಮ ಕಾಗದದ ಕೊನೆಯ ಸಾಲು ಇದು: ಇಬ್ಬರಲ್ಲಿ ಯಾರ ತೂಕ ಲೆಕ್ಕ ದಾಟಿದರೂ ಅವರು ಲಗಾಮು ಹಿಡಿದು ನಡೆಯತಕ್ಕದ್ದು. ಕೆಳಗೆ ಇಬ್ಬರ ಸಹಿ ಇದೆ. ಪಕ್ಕದಲ್ಲಿ ಸಾಯಿಸ್ ಮಾಮಾನ ಸಹಿ, ಸಾಕ್ಷಿಗೆ. ತಕ್ಕಡಿ ಅವರ ಕೋಣೆಯಲ್ಲೇ ಇದೆ.